ಗುಟ್ಟು ಬೇರೆ, ಮುಚ್ಚುಮರೆ ಬೇರೆ

ಕಾರವಾರದ ಒಂದು ವಾಚನಾಲಯದ ಮಹಡಿಯಲ್ಲಿ, ಮಳೆಗಾಲದ ಒಂದು ಭಾನುವಾರ ಸಂಜೆ, ರಕ್ಷಣಾ ಖರೀದಿಯ ಬಗ್ಗೆ ಆಡಿದ ಮಾತು ಇದು. ನಡುವೆ ಕರೆಂಟು ಹೋಗಿ ಮೈಕ್ ಸತ್ತಿತು. ಹಂಚಿನ ಮೇಲೆ ಮಳೆ ಬೇರೆ. ಹಿಂದೆ ಕೂತವರಿಗೆ ಅರ್ಧ ಕೇಳಲೇ ಇಲ್ಲವಂತೆ, ಬರೆದು ಕೊಡಿ ಅಂದರು. ಬರೆಯುವಾಗ ಒಂದೆರಡು ಕಡೆ ಸೇರಿಸಿದ್ದೇನೆ. ಕೆಮ್ಮು ಮತ್ತು ರಿಪೀಟು ಬಿಟ್ಟಿದ್ದೇನೆ.

ನಮಸ್ಕಾರ. ಮೊದಲೇ ಹೇಳಿಬಿಡ್ತೇನೆ, ನಾನು ರಕ್ಷಣಾ ತಜ್ಞ ಅಲ್ಲ. ಟಿವಿಯಲ್ಲಿ ಕೂತು ಮೀಸೆ ತಿರುವುತ್ತಾ ಯುದ್ಧ ಮಾಡುವವರ ಪೈಕಿಯೂ ಅಲ್ಲ. ಲೆಕ್ಕ ಬರೆದು ಬರೆದು ರಿಟೈರ್ ಆದವನು. ಅದಕ್ಕೇ ಫಿರಂಗಿ, ಹಡಗು, ವಿಮಾನದ ಕತೆ ಹೇಳುವ ಮೊದಲು ಒಂದು ಟೈಪ್‌ರೈಟರ್ ಕತೆ ಹೇಳ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಸಪ್ಲೈಯರ್ ಹತ್ತಿರ ಇದ್ದೆ. ಹೆಸರು ಬೇಡ, ಊರೂ ಬೇಡ. ಸರಕಾರಿ ಕಚೇರಿಗಳಿಗೆ ತಾಡಪತ್ರೆ, ಹಗ್ಗ, ಬಣ್ಣದ ಡಬ್ಬಿ ಇಂಥದನ್ನೆಲ್ಲ ಪೂರೈಸುವ ವ್ಯಾಪಾರ. ಒಂದು ದಿನ ಧಣಿಗಳು ಕರೆದು, ತಾಡಪತ್ರೆಗೆ ಮೂರು ಕೊಟೇಶನ್ ಹೋಗಬೇಕು, ಟೈಪ್ ಮಾಡು ಅಂದರು. ಒಂದು ನಮ್ಮದು, ಸರಿ. ಉಳಿದೆರಡು? ಅವರು ಮಾತಾಡಲಿಲ್ಲ, ಮೇಜಿನ ಡ್ರಾಯರ್ ಎಳೆದರು. ಬೇರೆ ಎರಡು ಅಂಗಡಿಗಳ ಲೆಟರ್‌ಹೆಡ್ಡು ಅಲ್ಲಿ ಕಟ್ಟುಕಟ್ಟಾಗಿ ಇದ್ದವು. ನಮ್ಮ ದರಕ್ಕಿಂತ ಒಂದಕ್ಕೆ ನೂರು ರೂಪಾಯಿ ಜಾಸ್ತಿ, ಇನ್ನೊಂದಕ್ಕೆ ನೂರೈವತ್ತು ಜಾಸ್ತಿ ಹಾಕಿ ನಾನೇ ಹೊಡೆದೆ. ನಮ್ಮ ಟೈಪ್‌ರೈಟರ್‌ನಲ್ಲಿ ಇಂಗ್ಲಿಷಿನ ಸಣ್ಣ 'ಎ' ಅಕ್ಷರದ ಹೊಟ್ಟೆಯೊಳಗೆ ಮಸಿ ಕಟ್ಟಿಕೊಂಡಿತ್ತು. ಹಾಗಾಗಿ ಮೂರೂ ಪತ್ರದಲ್ಲಿ 'ಎ' ಬರುವಲ್ಲೆಲ್ಲ ಒಂದೇ ಥರದ ಕಪ್ಪು ಚುಕ್ಕೆ. ಆ ಮೂರು ಕಾಗದವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದರೆ ಎರಡನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತಿತ್ತು. ಯಾರೂ ಇಡಲಿಲ್ಲ. ಫೈಲು ಮಾತ್ರ ಲಕ್ಷಣವಾಗಿತ್ತು. ಮೂರು ಕೊಟೇಶನ್, ಕಡಿಮೆ ದರದವರಿಗೆ ಆರ್ಡರು, ಆಡಿಟ್‌ನಲ್ಲೂ ಪಾಸು.

ಅದೇ ತಾಡಪತ್ರೆಯ ಇನ್ನೊಂದು ಸಂಗತಿ. ಅಂಚಿನಲ್ಲಿ ಹಗ್ಗ ಪೋಣಿಸಲಿಕ್ಕೆ ಹಿತ್ತಾಳೆಯ ಬಳೆ ಇರ್ತದಲ್ಲ, ಮುಂದಿನ ವರ್ಷ ಅದರ ಅಳತೆಯನ್ನು ಎಂದೂ ಇಲ್ಲದ ಹಾಗೆ ಮಿಲಿಮೀಟರ್ ಲೆಕ್ಕದಲ್ಲಿ ಟೆಂಡರಿನಲ್ಲಿ ಬರೆದಿದ್ದರು. ಆ ಅಳತೆಯ ಬಳೆ ಸುತ್ತಮುತ್ತ ಇದ್ದದ್ದು ನಮ್ಮ ಗೋದಾಮಿನಲ್ಲಿ ಮಾತ್ರ. ಯಾಕೆ ಅಂದರೆ ಅಳತೆ ಬರೆದುಕೊಟ್ಟವರೂ ನಾವೇ.

ನಾನು ಆಗ ಬಾಯಿ ಬಿಡಲಿಲ್ಲ. ಸಂಬಳ ಬೇಕಿತ್ತು. ಇದನ್ನು ಹೇಳದೆ ಮುಂದೆ ಹೋದರೆ ಸರಿಯಾಗುವುದಿಲ್ಲ ಅಂತ ಹೇಳಿದೆ.

ಈಗ ತಾಡಪತ್ರೆ ಬಿಟ್ಟು ಹೆಲಿಕಾಪ್ಟರ್‌ಗೆ ಬನ್ನಿ. ರಾಷ್ಟ್ರಪತಿ, ಪ್ರಧಾನಿಯಂಥವರ ಓಡಾಟಕ್ಕೆ ಅಂತ ಹೊಸ ಹೆಲಿಕಾಪ್ಟರ್ ಬೇಕಾಗಿತ್ತು. ಮೊದಲು ಬರೆದ ಷರತ್ತಿನಲ್ಲಿ 6,000 ಮೀಟರ್ ಎತ್ತರಕ್ಕೆ ಹಾರಬೇಕು ಅಂತಿತ್ತು. ಆ ಗೆರೆ ದಾಟಿ ನಿಂತದ್ದು ಯುರೋಕಾಪ್ಟರ್ ಕಂಪನಿಯದು ಒಂದೇ. ಒಬ್ಬನೇ ಉಳಿದರೆ ಚೌಕಾಸಿ ಹೇಗೆ ಮಾಡ್ತೀರಿ? ಹಾಗಾಗಿ 2003ರಲ್ಲಿ ಪ್ರಧಾನಿ ಕಚೇರಿಯವರು ಷರತ್ತು ಸಡಿಲಿಸಿ, ನಾಲ್ಕು ಜನ ಬರಲಿ ಅಂದರು. ಒಳ್ಳೆಯ ಮಾತೇ. ಎತ್ತರ 4,500 ಮೀಟರಿಗೆ ಇಳಿಯಿತು. ಅದರ ಜೊತೆಗೇ ಇನ್ನೊಂದು ಸಾಲು ಸೇರಿಕೊಂಡಿತು, ಕ್ಯಾಬಿನ್ ಒಳಗಿನ ಎತ್ತರ 1.8 ಮೀಟರ್ ಇರಬೇಕು, ಅಂದರೆ ಆಳು ನೆಟ್ಟಗೆ ನಿಲ್ಲುವ ಹಾಗಿರಬೇಕು. ಆ ಒಂದು ಸಾಲಿಗೆ ಯುರೋಕಾಪ್ಟರ್ ಹೊರಗೆ ಹೋಯಿತು. ಕೊನೆಗೆ ಉಳಿದದ್ದು ಮತ್ತೆ ಒಬ್ಬನೇ, ಅಗಸ್ಟಾ ವೆಸ್ಟ್‌ಲ್ಯಾಂಡ್. ಇದನ್ನು ನಾನು ಹೇಳ್ತಾ ಇಲ್ಲ, ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2013ರ ವರದಿಯಲ್ಲಿ ಬರೆದದ್ದು. ಅದರಲ್ಲೇ ಇನ್ನೊಂದು ಮಾತೂ ಇದೆ. ಪರೀಕ್ಷೆ ನಡೆದದ್ದು ಕೊಳ್ಳುವ ಹೆಲಿಕಾಪ್ಟರ್ ಮೇಲೆ ಅಲ್ಲವಂತೆ, ವಿದೇಶಕ್ಕೆ ಹೋಗಿ ಅದೇ ಜಾತಿಯ ಬೇರೆ ಹೆಲಿಕಾಪ್ಟರ್ ಮೇಲೆ. ಎಮ್ಮೆ ಕೊಳ್ಳಲಿಕ್ಕೆ ಹೋಗಿ ಅದರ ಅಕ್ಕನ ಹಾಲು ಕರೆದು ನೋಡಿ ಬಂದ ಹಾಗೆ.

2010ರ ಫೆಬ್ರವರಿಯಲ್ಲಿ 12 ಹೆಲಿಕಾಪ್ಟರ್‌ಗೆ ಸಹಿ ಬಿತ್ತು, ಸುಮಾರು 3,600 ಕೋಟಿ. 2013ರಲ್ಲಿ ಇಟಲಿಯ ಪೊಲೀಸರು ಅದರ ಮಾತೃಕಂಪನಿಯ ಮುಖ್ಯಸ್ಥನನ್ನೇ ಹಿಡಿದರು. 2014ರ ಜನವರಿ 1ಕ್ಕೆ ನಮ್ಮವರು ಒಪ್ಪಂದ ರದ್ದು ಮಾಡಿದರು. ಮುಂದೆ ಇಟಲಿಯ ಮೇಲಿನ ಕೋರ್ಟು ಆ ಮುಖ್ಯಸ್ಥನನ್ನು ಬಿಟ್ಟಿತು. ನಮ್ಮಲ್ಲಿ ಮಾಜಿ ವಾಯುಪಡೆ ಮುಖ್ಯಸ್ಥರೊಬ್ಬರನ್ನೇ ಸಿಬಿಐ 2016ರಲ್ಲಿ ಬಂಧಿಸಿತು, ಕೇಸು ವರ್ಷಗಟ್ಟಲೆ ಎಳೆಯಿತು. ಯಾರು ತಿಂದರು, ಎಷ್ಟು ತಿಂದರು ಅನ್ನುವುದು ಕೋರ್ಟಿನ ವಿಷಯ, ನಾನು ತೀರ್ಪು ಕೊಡುವುದಿಲ್ಲ. ನನ್ನ ಕಣ್ಣು ಇರುವುದು ಆ 1.8 ಮೀಟರ್ ಮೇಲೆ. ಅದು ಬೇಕು ಅಂತ ಯಾರಿಗೆ ಅನ್ನಿಸಿತು, ಯಾವ ದಿನ, ಯಾವ ಕಾಗದದಲ್ಲಿ? ಹಿತ್ತಾಳೆ ಬಳೆಯ ಪ್ರಶ್ನೆಯೂ ಅದೇ ಆಗಿತ್ತು.

ಶಿರಸಿ ಕಡೆಯವರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ. ನಾಲ್ಕೈದು ಜನ ಇದ್ದೀರಿ. ನಿಮಗೆ ಟೆಂಡರ್ ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಅಡಿಕೆ ವ್ಯಾಪಾರದ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ, ಗೋಟು ಅಂತ ಲಾಟು ಲಾಟು ಸುರಿದಿರುತ್ತಾರೆ. ವ್ಯಾಪಾರಿ ಬರ್ತಾನೆ, ಕೈಯಲ್ಲಿ ಹಿಡಿದು ನೋಡ್ತಾನೆ, ಒಂದೆರಡು ಕತ್ತರಿಸಿ ಒಳಗಿನ ಬಣ್ಣ ನೋಡ್ತಾನೆ, ತನ್ನ ದರ ಬರೆದು ಹಾಕ್ತಾನೆ. ಮಧ್ಯಾಹ್ನ ಟೆಂಡರ್ ತೆಗೆದಾಗ ಯಾರು ಎಷ್ಟು ಬರೆದಿದ್ದರು ಅಂತ ಗೊತ್ತಾಗ್ತದೆ. ಬೆಳೆಗಾರನ ಕೈಗೆ ಬರುವ ಪಟ್ಟಿಯಲ್ಲಿ ತೂಕ, ದರ, ಹಮಾಲಿ, ಕಮಿಷನ್ ಎಲ್ಲ ಕಾಣ್ತದೆ. ಇದರಲ್ಲೂ ಮೋಸ ಇಲ್ಲ ಅಂತಲ್ಲ. ಹಿಂದಿನ ರಾತ್ರಿ ವ್ಯಾಪಾರಿಗಳೆಲ್ಲ ಒಂದೇ ಹೋಟೆಲಿನಲ್ಲಿ ಚಾ ಕುಡಿದಿದ್ದರೆ ಮರುದಿನದ ಟೆಂಡರ್ ಬರೀ ನಾಟಕ. ಆದರೂ ಒಂದು ಇದೆ ನೋಡಿ, ಮಾಲು ಎಲ್ಲರ ಕಣ್ಣೆದುರಿಗೆ ಇರ್ತದೆ. ಪಕ್ಕದ ಲಾಟಿಗೆ ಎಷ್ಟು ಬಂತು ಅಂತ ಹೋಲಿಸಿ ನೋಡಿ ಜಗಳಕ್ಕೆ ನಿಲ್ಲಬಹುದು.

ರಕ್ಷಣಾ ಖರೀದಿಯಲ್ಲಿ ಈ ಹೋಲಿಸುವುದೇ ಕಷ್ಟ. ಜಲಾಂತರ್ಗಾಮಿಗೆ ಮಾರ್ಕೆಟ್ ರೇಟ್ ಇಲ್ಲ. ಮಾರುವವರು ಜಗತ್ತಿನಲ್ಲಿ ನಾಲ್ಕೈದು ಜನ, ಕೊಳ್ಳುವುದು ಸರಕಾರ ಒಂದೇ, ಸಾಮಾನು ಬರುವುದು ಹತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಸಹಿ ಹಾಕಿದವರು ರಿಟೈರ್ ಆಗಿ ಮೊಮ್ಮಕ್ಕಳ ಮದುವೆ ಮಾಡಿರ್ತಾರೆ. ಪ್ರತಿಯೊಂದು ಕಾಗದಕ್ಕೂ ದೇಶದ ಭದ್ರತೆ ಅನ್ನುವ ಮುದ್ರೆ ಬೇರೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಕತ್ತಲೆ ಎಲ್ಲಿ ಸಿಗ್ತದೆ ಹೇಳಿ.

ಈ ಕತೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲೇ ಜೀಪು ಹಗರಣ. ಲಂಡನ್ನಿನಲ್ಲಿದ್ದ ನಮ್ಮ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ನಿಯಮ ಪಕ್ಕಕ್ಕಿಟ್ಟು 80 ಲಕ್ಷದ ಜೀಪು ವ್ಯವಹಾರ ಮಾಡಿದರು. ಕಾಶ್ಮೀರದ ಯುದ್ಧಕ್ಕೆ ಬೇಕಾಗಿದ್ದ ಜೀಪು, ಬಂದಿಳಿದದ್ದು 155. 1955ರಲ್ಲಿ ಸರಕಾರ ಆ ಕೇಸು ಮುಚ್ಚಿತು, ಮೆನನ್ ಮುಂದೆ ರಕ್ಷಣಾ ಮಂತ್ರಿಯೂ ಆದರು.

ಇನ್ನು 2001ರ ಮಾರ್ಚ್. ತೆಹಲ್ಕಾ ಎಂಬ ಸುದ್ದಿತಾಣದ ಪತ್ರಕರ್ತರು ವೆಸ್ಟ್ ಎಂಡ್ ಅಂತ ಒಂದು ಕಂಪನಿ ಹುಟ್ಟುಹಾಕಿದರು. ಲಂಡನ್ ಕಂಪನಿ, ಕತ್ತಲಲ್ಲಿ ಕಾಣುವ ಕ್ಯಾಮೆರಾ ಮಾರ್ತೇವೆ ಅಂತ ಹೊರಟರು. ಕಂಪನಿಯೇ ಇಲ್ಲ, ಕ್ಯಾಮೆರಾವೂ ಇಲ್ಲ, ಇದ್ದದ್ದು ಬ್ಯಾಗಿನೊಳಗೆ ಅಡಗಿಸಿಟ್ಟ ಬೇರೆ ಕ್ಯಾಮೆರಾ ಮಾತ್ರ. ಇಲ್ಲದ ಕಂಪನಿಯ ಇಲ್ಲದ ಸಾಮಾನಿಗೆ ಬಾಗಿಲುಗಳು ಒಂದೊಂದಾಗಿ ತೆರೆದವು. ಆಳುವ ಪಕ್ಷದ ಅಧ್ಯಕ್ಷ ಬಂಗಾರು ಲಕ್ಷ್ಮಣ್ ಒಂದು ಲಕ್ಷ ತೆಗೆದುಕೊಂಡದ್ದು ಊರಿಗೆಲ್ಲ ಕಂಡಿತು. 2012ರಲ್ಲಿ ಅವರಿಗೆ ನಾಲ್ಕು ವರ್ಷ ಶಿಕ್ಷೆ ಆಯಿತು. ನಮ್ಮ ಕರಾವಳಿಯವರೇ ಆದ ಜಾರ್ಜ್ ಫರ್ನಾಂಡಿಸ್ ಆಗ ರಕ್ಷಣಾ ಮಂತ್ರಿ, ರಾಜೀನಾಮೆ ಕೊಟ್ಟರು, ಏಳೇ ತಿಂಗಳಲ್ಲಿ ವಾಪಸು ಬಂದರು. ಕಾರ್ಗಿಲ್ ಯುದ್ಧದ ಹೊತ್ತಿನ ಶವಪೆಟ್ಟಿಗೆ ಖರೀದಿಯ ವಿಷಯದಲ್ಲೂ ಅವರ ಹೆಸರು ಎಳೆದಾಡಿದರು, ಅದರಲ್ಲಿ ಅವರ ಮೇಲೆ ಏನೂ ಸಾಬೀತಾಗಲಿಲ್ಲ. ನ್ಯಾಯವಾಗಿ ಅದನ್ನೂ ಹೇಳಬೇಕು. ಕೂಗಾಡಿದವರು ಕ್ಷಮೆ ಕೇಳಿದ್ದು ಮಾತ್ರ ನನಗೆ ನೆನಪಿಲ್ಲ.

ದಲ್ಲಾಳಿ ವಿಷಯ ಇಲ್ಲೇ ಹೇಳಿ ಮುಗಿಸ್ತೇನೆ. ನಮ್ಮಲ್ಲಿ ರಕ್ಷಣಾ ವ್ಯವಹಾರದಲ್ಲಿ ದಲ್ಲಾಳಿ ಅಂದರೆ ಪಾಪ. ಬೇಡ, ಇರಕೂಡದು, ಅಂತ ಹೇಳ್ತಾನೇ ಬಂದರು. ಬೇಡ ಅಂದ ಮಾತ್ರಕ್ಕೆ ದಲ್ಲಾಳಿ ಮನೆಗೆ ಹೋಗ್ತಾನಾ? ಬಾಗಿಲಲ್ಲಿ ನಿಂತಿದ್ದವನು ಹಿತ್ತಲಿಗೆ ಹೋದ, ಅಷ್ಟೇ. ಈಗ ಅವನಿಗೆ 'ಸಲಹೆಗಾರ' ಅಂತ ಹೆಸರು, ದುಡ್ಡು ಬೀಳುವುದು ಮೂರನೇ ದೇಶದ ಖಾತೆಗೆ. ಅಡಿಕೆ ಪಟ್ಟಿಯಲ್ಲಿ ಕಮಿಷನ್ ಬರೆದ ಹಾಗೆ ಇಲ್ಲೂ ಯಾರು, ಏನು ಕೆಲಸಕ್ಕೆ, ಎಷ್ಟು ತಗೊಂಡರು ಅಂತ ಬರೆಸಿ ಊರೆದುರು ಇಡೋದೇ ಮೇಲು ಅಂತ ನನ್ನ ಅಭಿಪ್ರಾಯ. ನೀವು ಒಪ್ಪದಿದ್ದರೆ ಆಮೇಲೆ ಬೈಯಿರಿ.

ಬೊಫೋರ್ಸ್ ಹೇಳದೆ ಇದ್ದರೆ ನನ್ನನ್ನು ಇಲ್ಲಿಂದ ಬಿಡಲಿಕ್ಕಿಲ್ಲ. 1986ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಆ ಕಂಪನಿಯ ಜೊತೆ ಒಪ್ಪಂದ, 400 ಫಿರಂಗಿ, 1,437 ಕೋಟಿ. 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ ಲಂಚದ ಸುದ್ದಿ ಒಡೆಯಿತು. ಗಮನಿಸಿ, ನಮ್ಮ ರೇಡಿಯೋ ಅಲ್ಲ, ಅವರದು. ಲಂಚ ಅಂತ ಹೇಳಿದ ಮೊತ್ತ 64 ಕೋಟಿ. ಸಂಸತ್ತಿನ ಜಂಟಿ ಸಮಿತಿ ಆಯಿತು, ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ. ಲಂಚ ಇಲ್ಲ ಅಂತ ವರದಿ ಬಂತು. ಆದರೆ 1989ರಲ್ಲಿ ಸಿಎಜಿ ಆಯ್ಕೆಯ ಕ್ರಮವನ್ನೇ ಪ್ರಶ್ನಿಸಿದಾಗ ವಿರೋಧ ಪಕ್ಷದವರು ಲೋಕಸಭೆಗೆ ರಾಜೀನಾಮೆ ಎಸೆದು ಹೊರಗೆ ಬಂದರು. ಸರಕಾರವೂ ಹೋಯಿತು. ಕೇಸು? ದಲ್ಲಾಳಿ ಅಂತ ಆರೋಪ ಹೊತ್ತ ಇಟಲಿಯ ಕ್ವಟ್ರೋಚಿ ಎಂಬಾತ ದೇಶ ಬಿಟ್ಟು ಹೋದವನು ವಾಪಸು ಬರಲೇ ಇಲ್ಲ. 2004ರಲ್ಲಿ, 2005ರಲ್ಲಿ ದೆಹಲಿ ಹೈಕೋರ್ಟು ಆರೋಪಗಳನ್ನು ತಳ್ಳಿಹಾಕಿತು. 64 ಕೋಟಿಯ ಲಂಚ ಹುಡುಕಲಿಕ್ಕೆ ಸುಮಾರು 250 ಕೋಟಿ ಖರ್ಚಾಯಿತಲ್ಲ ಅಂತ ನ್ಯಾಯಾಧೀಶರೇ ಹೇಳಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋದಿಲ್ಲ ಅಂತ ನಮ್ಮ ಗಾದೆ. ಇಲ್ಲಿ ಆನೆಯನ್ನೂ ಕೊಟ್ಟರು.

ಕಾರವಾರದವರಿಗೆ ಒಂದು ಸ್ವಾರಸ್ಯ ಹೇಳ್ತೇನೆ. ಬೊಫೋರ್ಸ್ ಸಹಿಯಾದ ಅದೇ 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಇಲ್ಲಿಗೆ ಬಂದು ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಪ್ರಣವ್ ಮುಖರ್ಜಿ ಇಲ್ಲಿ ಆ ನೆಲೆಯನ್ನು ಐಎನ್‌ಎಸ್ ಕದಂಬ ಅಂತ ಉದ್ಘಾಟಿಸಿದರು. ಅದೇ ಮೇ 31ಕ್ಕೆ ದೆಹಲಿಯಲ್ಲಿ ಬೊಫೋರ್ಸ್ ಕೇಸಿನ ಉದ್ಯಮಿಗಳಾದ ಹಿಂದುಜಾ ಸಹೋದರರ ಮೇಲಿನ ಆರೋಪ ರದ್ದಾಯಿತು. ಇದರಲ್ಲಿ ಸಂಬಂಧ ಏನೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ ನೋಡಿ, ಒಂದು ನೌಕಾನೆಲೆ ಕಲ್ಲಿನಿಂದ ಕಟ್ಟಿ ಏಳುವಷ್ಟು ಹೊತ್ತು ಒಂದು ಲಂಚದ ಕೇಸು ಎಳೆಯಿತು.

ಬೊಫೋರ್ಸ್‌ನಿಂದ ಆದ ದೊಡ್ಡ ನಷ್ಟ 64 ಕೋಟಿ ಅಲ್ಲ. ಫಿರಂಗಿ ಒಳ್ಳೆಯದೇ ಆಗಿತ್ತು, 1999ರಲ್ಲಿ ಕಾರ್ಗಿಲ್ ಬೆಟ್ಟದ ಮೇಲೆ ಅದೇ ಕೈ ಹಿಡಿದದ್ದು. ಹಗರಣದ ಹೆದರಿಕೆಗೆ ಆ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿದರು. ಸರಿಯಾಗಿ ಹಣ ಕೊಟ್ಟು ತರಿಸಿಕೊಂಡಿದ್ದ ನಕ್ಷೆಗಳು ಕಪಾಟಿನಲ್ಲಿ ಬಿದ್ದಿದ್ದವು. ಹೊಸ ಫಿರಂಗಿಯ ಫೈಲ್ ಎದುರಿಗೆ ಬಂದರೆ ಅಧಿಕಾರಿಗಳ ಕೈ ನಡುಗುವುದು. ಮುಂದಿನ 155 ಎಂಎಂ ಫಿರಂಗಿಗೆ ಸಹಿ ಬಿದ್ದದ್ದು 2016ರಲ್ಲಿ, ಅಮೆರಿಕದಿಂದ 145 ಎಂ-777. ಮೂವತ್ತು ವರ್ಷ! ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರೆ ಉಸಿರಾಡುವುದು ಯಾವುದರಿಂದ?

ಸಮುದ್ರದವರಿಗೂ ಇದೇ ಗತಿ ಆಯಿತು. 1981ರಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯು ಜೊತೆ ಜಲಾಂತರ್ಗಾಮಿಗೆ ಒಪ್ಪಂದ ಆಗಿತ್ತು. ಎರಡು ಅಲ್ಲಿ, ಎರಡು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದರು. 1987ರಲ್ಲಿ ಶೇ 7 ಕಮಿಷನ್ ಮಾತು ಹೊರಗೆ ಬಂದದ್ದೇ ತಡ, ಮುಂದಿನ ಎರಡು ಕಟ್ಟುವ ಯೋಚನೆ ಬಿದ್ದುಹೋಯಿತು. ಜಲಾಂತರ್ಗಾಮಿಯ ಉಕ್ಕು ಬೆಸೆಯಲಿಕ್ಕೆ ಕಲಿತಿದ್ದ ಕೈಗಳು ಚದುರಿಹೋದವು. ವೆಲ್ಡಿಂಗ್ ಮಾಡುವವರನ್ನು ಕೇಳಿ, ಹತ್ತು ವರ್ಷ ಬಿಟ್ಟ ಕೈ ಏನಾಗ್ತದೆ ಅಂತ. ಆಮೇಲೆ 2005ರಲ್ಲಿ ಫ್ರೆಂಚರ ಸ್ಕಾರ್ಪಿನ್, ಆರು, 18,798 ಕೋಟಿ. ಮೊದಲನೆಯದು ಕಲ್ವರಿ, ಸೇವೆಗೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಅದಕ್ಕೆ ಬೇಕಾದ ಟಾರ್ಪಿಡೊ ಇರಲಿಲ್ಲ! ಬ್ಲ್ಯಾಕ್ ಶಾರ್ಕ್ ಎಂಬ 98 ಟಾರ್ಪಿಡೊ ಇಟಲಿಯಿಂದ ಬರಬೇಕಿತ್ತು. ಅದನ್ನು ಮಾಡುವ ಕಂಪನಿ ಆ ಹೆಲಿಕಾಪ್ಟರ್ ಕಂಪನಿಯ ಬಳಗದ್ದೇ. ಹೆಲಿಕಾಪ್ಟರ್ ಹಗರಣಕ್ಕೆ ಟಾರ್ಪಿಡೊ ರದ್ದು. ಹಳೆಯ ಟಾರ್ಪಿಡೊ ಹಾಕಿಕೊಂಡು ಹೊಸ ಜಲಾಂತರ್ಗಾಮಿ ನೀರಿಗಿಳಿಯಿತು. ಲಂಚ ತಿಂದವನು ಯಾರೋ, ಅದರ ಬಿಸಿ ತಟ್ಟಿದ್ದು ನೀರಿನ ಕೆಳಗೆ ಕೂತ ನಮ್ಮ ಹುಡುಗರಿಗೆ. ಶಿಕ್ಷೆ ಬೇಡ ಅಂತ ಹೇಳ್ತಾ ಇಲ್ಲ. ತಪ್ಪು ಮಾಡಿದವನಿಗೆ ಜೈಲು, ಕಂಪನಿಗೆ ದೊಡ್ಡ ದಂಡ, ಸಾಮಾನು ಮಾತ್ರ ಬರಲಿ. ಹಾಗೆ ಮಾಡುವ ದೇಶಗಳಿವೆ.

(ಇಲ್ಲಿ ಕರೆಂಟು ಹೋಯಿತು. ಮುಂದಿನದು ಹಿಂದಿನ ಬೆಂಚಿನವರಿಗೆ ಕೇಳದೆ ಹೋದ ಭಾಗ.)

ಈಗ ನಮ್ಮ ಮನೆಯ ಹಡಗಿಗೆ ಬರೋಣ. ವಿಮಾನ ಹೊರುವ ಹಡಗು, ವಿಕ್ರಮಾದಿತ್ಯ. ಬಿಣಗಾ ಘಾಟಿಯ ಮೇಲಿಂದ ಕಂಡಾಗಲೆಲ್ಲ ಬೈಕ್ ನಿಲ್ಲಿಸಿ ನೋಡುವವರಲ್ಲಿ ನಾನೂ ಒಬ್ಬ. ಮೊದಲು ಅದು ರಷ್ಯದ ಗೋರ್ಷ್‌ಕೋವ್. 2004ರ ಜನವರಿಯಲ್ಲಿ ಒಪ್ಪಂದ. ಹಡಗು ಪುಕ್ಕಟೆ, ರಿಪೇರಿ ಮತ್ತು ಮಾರ್ಪಾಡಿಗೆ ಮಾತ್ರ 97.4 ಕೋಟಿ ಡಾಲರ್, 2008ಕ್ಕೆ ಕೈಗೆ ಅಂದರು. ಹಳೇ ಮನೆ ರಿಪೇರಿ ಮಾಡಿಸಿದವರಿಗೆ ಗೊತ್ತು, ಹಂಚು ಇಳಿಸಿದ ಮೇಲೆಯೇ ಪಕಾಸು ಗೆದ್ದಲು ತಿಂದದ್ದು ಕಾಣೋದು. ಬಿಚ್ಚಿ ನೋಡಿದರೆ ಸಾವಿರಾರು ಕಿಲೋಮೀಟರ್ ಕೇಬಲ್ಲೇ ಹೊಸದಾಗಿ ಎಳೆಯಬೇಕು. 2010ರಲ್ಲಿ ಬೆಲೆ ಸುಮಾರು 235 ಕೋಟಿ ಡಾಲರ್‌ಗೆ ಏರಿತು. 2012ರಲ್ಲಿ ಸಮುದ್ರಕ್ಕೆ ಇಳಿಸಿ ನೋಡಿದಾಗ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು. 2013ರ ನವೆಂಬರ್‌ನಲ್ಲಿ ಹಸ್ತಾಂತರ, 2014ರ ಜನವರಿಯಲ್ಲಿ ಕಾರವಾರಕ್ಕೆ ಬಂತು. ಆಯಸ್ಸು ಅರ್ಧ ಮುಗಿದ ಹಡಗಿಗೆ ಹೊಸ ಹಡಗಿಗಿಂತ ಜಾಸ್ತಿ ಕೊಡ್ತಾ ಇದ್ದೀರಿ ಅಂತ ಸಿಎಜಿ 2009ರಲ್ಲೇ ಬರೆದಿತ್ತು. ಅದರ ಮೇಲೆ ಇಳಿಯುವ ಮಿಗ್-29ಕೆ ವಿಮಾನಗಳು 2016ರ ವರದಿಯ ಪ್ರಕಾರ ಹಾರಲು ಸಿದ್ಧ ಇದ್ದದ್ದು ಶೇ 15.93ರಿಂದ 37.63ರಷ್ಟು. ಅಂದರೆ ಹತ್ತು ವಿಮಾನ ಇದ್ದರೆ ಆರರಿಂದ ಎಂಟು ಶೆಡ್ಡಿನಲ್ಲಿ.

ಇದರಲ್ಲಿ ಲಂಚ ಇತ್ತು ಅಂತ ನಾನು ಹೇಳಿದೆನಾ? ಇಲ್ಲ. ಅದೇ ನಾನು ಹೇಳಲಿಕ್ಕೆ ಹೊರಟಿದ್ದು. ಲಂಚ ಇಲ್ಲದೆಯೂ, ಬರೀ ಯಾರೂ ಕೇಳೋರಿಲ್ಲ ಅನ್ನುವ ಧೈರ್ಯದಿಂದಲೇ ದುಡ್ಡು ಹೋಗ್ತದೆ. ಹೊರಗೆ ನಿಂತ ನಮಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಒಂದೇ ಬಾಗಿಲ ಹಿಂದೆ ನಡೀತವೆ.

ಆ ಬಾಗಿಲಿನ ಹೆಸರು ಗುಟ್ಟು. ಗುಟ್ಟು ಬೇಕು, ಅದರಲ್ಲಿ ಅನುಮಾನ ಇಲ್ಲ. ಜಲಾಂತರ್ಗಾಮಿ ಎಷ್ಟು ಸದ್ದು ಮಾಡ್ತದೆ, ಎಷ್ಟು ಆಳಕ್ಕೆ ಹೋಗ್ತದೆ, ಯಾವ ಹಡಗು ಯಾವತ್ತು ಹೊರಟಿತು ಅನ್ನುವುದು ಗುಟ್ಟೇ. ಅದನ್ನು ಕಾಯುವುದರಲ್ಲಿ ನಾವು ಗಟ್ಟಿಗರಾ? 2016ರಲ್ಲಿ ಸ್ಕಾರ್ಪಿನ್ ಜಲಾಂತರ್ಗಾಮಿಯ 22,400 ಪುಟ ಸೋರಿಹೋಗಿದೆ ಅಂತ ಆಸ್ಟ್ರೇಲಿಯಾದ ಪತ್ರಿಕೆ ಬರೆಯಿತು. 2025ರ ಫೆಬ್ರವರಿಯಲ್ಲಿ ನೌಕಾನೆಲೆಯ ಮಾಹಿತಿ ಪಾಕಿಸ್ತಾನಕ್ಕೆ ಕೊಟ್ಟ ಆರೋಪದಲ್ಲಿ ಎನ್‌ಐಎ ನಮ್ಮ ಜಿಲ್ಲೆಯಲ್ಲೇ ಇಬ್ಬರನ್ನು ಹಿಡಿಯಿತು. ಮುಚ್ಚಿಡಬೇಕಾದದ್ದು ಹೀಗೆ ಸೋರುತ್ತದೆ. ಯಾವುದನ್ನು ಕೇಳಿದರೂ ಹೇಳುವುದಿಲ್ಲ ಅಂತೀರಿ? ಬೆಲೆ.

ಫ್ರಾನ್ಸಿನ ರಫೇಲ್ ಯುದ್ಧವಿಮಾನ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ 36 ವಿಮಾನಕ್ಕೆ ಸಹಿ, ಸುಮಾರು 59,000 ಕೋಟಿ. ಅದೇ ನವೆಂಬರ್‌ನಲ್ಲಿ ಒಂದಕ್ಕೆ ಸುಮಾರು 670 ಕೋಟಿ ಅಂತ ಲೋಕಸಭೆಯಲ್ಲಿ ರಾಜ್ಯ ಸಚಿವರೇ ಹೇಳಿದ್ದರು, ಆಯುಧ ಮತ್ತಿತರ ಸಾಮಗ್ರಿ ಬಿಟ್ಟು. ಗಲಾಟೆ ಶುರುವಾದ ಮೇಲೆ ಬೆಲೆ ಗುಟ್ಟಾಯಿತು. ಸುಪ್ರೀಂ ಕೋರ್ಟಿಗೆ ಮುಚ್ಚಿದ ಲಕೋಟೆಯಲ್ಲಿ ಹೋಯಿತು. 2018ರ ಡಿಸೆಂಬರ್‌ನಲ್ಲಿ ಕೋರ್ಟು ಅರ್ಜಿಗಳನ್ನು ವಜಾ ಮಾಡಿತು. 2019ರ ಫೆಬ್ರವರಿಯಲ್ಲಿ ಬಂದ ಸಿಎಜಿ ವರದಿಯಲ್ಲಿ ಬೆಲೆಯ ಅಂಕಿಗಳನ್ನು ಅಳಿಸಿ, ಹಿಂದಿನ ದರಕ್ಕಿಂತ ಶೇ 2.86 ಅಗ್ಗ ಅಂತ ಮಾತ್ರ ಬರೆದರು. ಅಗ್ಗ ಇರಬಹುದು. ವಿಮಾನವೂ ಚೆನ್ನಾಗಿದೆ ಅಂತಾರೆ. ಆದರೆ ಲೆಕ್ಕದವನಾಗಿ ನನಗೆ ಆ ಶೇಕಡಾ ಒಗಟಿನ ಹಾಗೆ ಕಾಣ್ತದೆ, ಯಾವ ಅಂಕಿಯ ಶೇಕಡಾ ಅಂತ ಹೇಳದೆ ಶೇಕಡಾ ಮಾತ್ರ ಕೊಟ್ಟರೆ ನಾನು ತಾಳೆ ನೋಡೋದು ಯಾವುದಕ್ಕೆ?

ಇನ್ನೊಂದು ತಮಾಷೆ. ಅಮೆರಿಕದ ಸರಕಾರ ಬೇರೆ ದೇಶಕ್ಕೆ ದೊಡ್ಡ ಆಯುಧ ಮಾರುವ ಮೊದಲು ತನ್ನ ಸಂಸತ್ತಿಗೆ ತಿಳಿಸಿ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕ್ತದೆ. ಏನೇನು, ಎಷ್ಟೆಷ್ಟು, ಅಂದಾಜು ಎಷ್ಟು ದುಡ್ಡು. ನಮ್ಮ ನೌಕಾಪಡೆಗೆ ಬಂದ 24 ರೋಮಿಯೋ ಹೆಲಿಕಾಪ್ಟರ್‌ಗೆ ಹೀಗೆಯೇ 2019ರ ಏಪ್ರಿಲ್‌ನಲ್ಲಿ 260 ಕೋಟಿ ಡಾಲರ್ ಅಂತ ಪ್ರಕಟಿಸಿದರು, ಜೊತೆಗೆ ಬರುವ ರೇಡಾರ್, ಕ್ಷಿಪಣಿಗಳ ಪಟ್ಟಿ ಸಮೇತ. ಅಂದರೆ ನಾನು ಕಟ್ಟಿದ ತೆರಿಗೆಯಲ್ಲಿ ನನ್ನ ಊರಿನ ಸಮುದ್ರಕ್ಕೆ ಏನು ಬರ್ತದೆ ಅಂತ ವಾಷಿಂಗ್ಟನ್ನಿನಿಂದ ತಿಳಿಯಬೇಕು. ಅದರಿಂದ ಅವರ ಭದ್ರತೆ ಏನೂ ಕೆಟ್ಟ ಹಾಗೆ ಕಾಣಲಿಲ್ಲ.

ನಮ್ಮಲ್ಲಿ ನಿಯಮಗಳು ಇಲ್ಲ ಅಂತ ಅಲ್ಲ. 2002ರಲ್ಲಿ ಖರೀದಿಯ ಕ್ರಮವನ್ನು ಪುಸ್ತಕ ಮಾಡಿದರು. ಎರಡು ಮೂರು ವರ್ಷಕ್ಕೊಮ್ಮೆ ತಿದ್ದುತ್ತಾ ಬಂದು 2020ರದ್ದು ಗೋಡೆಗೆ ಒರಗಿಸಿ ಇಡುವಷ್ಟು ದಪ್ಪ ಆಯಿತು. ಲಂಚ ಕೊಡುವುದಿಲ್ಲ, ತಗೊಳ್ಳುವುದಿಲ್ಲ ಅಂತ ಎರಡೂ ಕಡೆಯವರು ಸಹಿ ಹಾಕುವ ಕರಾರು ಇದೆ. ಅಗಸ್ಟಾ ವ್ಯವಹಾರ ಮುರಿಯಲಿಕ್ಕೆ ಅದೇ ಕೆಲಸಕ್ಕೆ ಬಂದದ್ದು. ಹಾಗಾಗಿ ಸುಮ್ನೆ ಕಾಗದ ಅಂತ ತಳ್ಳಿಹಾಕಲಾಗದು. ಆದರೆ ಆ ಇಡೀ ಪುಸ್ತಕ ಕಾಯುವುದು ನಡುವಿನ ಹಂತವನ್ನು, ಲಕೋಟೆ ಬಂದದ್ದು, ತೆರೆದದ್ದು, ಚೌಕಾಸಿ ಮಾಡಿದ್ದು. ನನ್ನ ಅನುಭವದಲ್ಲಿ ನಡುಭಾಗ ಯಾವಾಗಲೂ ಚೊಕ್ಕ ಇರ್ತದೆ. ಕೊಳೆ ಇರುವುದು ಎರಡು ತುದಿಯಲ್ಲಿ. ಮೊದಲ ತುದಿ ಆ ಹಿತ್ತಾಳೆ ಬಳೆ. ಕೊನೆಯ ತುದಿ, ಸಾಮಾನು ಬಂದು ಇಳಿದ ದಿನ.

ಕೊನೆಯ ತುದಿಗೆ ಒಂದು ಉದಾಹರಣೆ. ಬೊಫೋರ್ಸ್‌ನ ಕಪಾಟಿನ ನಕ್ಷೆಯಿಂದಲೇ ಕೊನೆಗೆ ಧನುಷ್ ಅಂತ ನಮ್ಮದೇ ಫಿರಂಗಿ ಮಾಡಿದರು ಅಲ್ವಾ. 2017ರಲ್ಲಿ ಸಿಬಿಐ ಒಂದು ಕೇಸು ಹಾಕಿತು. ಅದಕ್ಕೆ ಬಂದ ಬೇರಿಂಗ್‌ಗಳು ಜರ್ಮನಿಯವು ಅಂತ ಹೇಳಿ ಚೀನಾದ್ದು ಕೊಟ್ಟಿದ್ದಾರೆ ಅಂತ ಆರೋಪ. ಟೆಂಡರ್ ಇದ್ದಿರಬೇಕು, ಸಹಿ, ಸೀಲು ಎಲ್ಲ ಇದ್ದಿರಬೇಕು. ಇನ್ನೊಂದು, ಆಫ್‌ಸೆಟ್. ದೊಡ್ಡ ಖರೀದಿಯ ಒಂದು ಪಾಲನ್ನು ವಿದೇಶಿ ಕಂಪನಿ ಭಾರತದಲ್ಲೇ ಹೂಡಬೇಕು ಅನ್ನುವ ಷರತ್ತು, 2005ರಿಂದ ಇದೆ. ಸಹಿ ಹಾಕುವಾಗ ಇದರ ಭಾಷಣ ಜೋರು. 2018ರ ಕೊನೆಗೆ 19,223 ಕೋಟಿಯದ್ದು ಮುಗಿಯಬೇಕಿತ್ತು. ಮುಗಿಸಿದ್ದೇವೆ ಅಂತ ಕಂಪನಿಗಳು ಹೇಳಿದ್ದೇ 11,396 ಕೋಟಿ, ಸರಕಾರ ಒಪ್ಪಿದ್ದು 5,457 ಕೋಟಿ. ಇದೂ ಸಿಎಜಿ ಲೆಕ್ಕ, 2020ರದ್ದು. ಪೇಪರಿನಲ್ಲಿ ಒಳಪುಟದಲ್ಲಿ ಬಂದಿತ್ತು.

ಇಷ್ಟು ಹೇಳಿ ನಾನು ಕೂತೆ. ಪ್ರಶ್ನೆಗಳು ಶುರುವಾದವು, ಎರಡನ್ನು ಮಾತ್ರ ಬರೆಯುತ್ತೇನೆ.

ಮುಂದಿನ ಸಾಲಿನಲ್ಲಿ ಅರ್ಗಾ ಕಡೆಯ ಅಜ್ಜ ಒಬ್ಬರು ಕೂತಿದ್ದರು. ಸೀಬರ್ಡ್‌ಗೆ ಜಮೀನು ಕೊಟ್ಟು ಎದ್ದು ಬಂದ ಮನೆಯವರು. ಕೊಡೆಯನ್ನು ಕೈಯಲ್ಲೇ ಹಿಡಿದು ನಿಂತು ಕೇಳಿದರು, "ತಮ್ಮಾ, ಹಡಗಿನ ದರ ಗುಟ್ಟು ಅಂತೀಯಲ್ಲ. ನಮ್ಮ ಜಮೀನಿನ ದರ ಯಾಕೆ ಗುಟ್ಟಾಗಿರಲಿಲ್ಲ? ಗುಂಟೆಗೆ ಎಷ್ಟು ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ಕೂಗಿ ಕೂಗಿ ಹೇಳಿದರು. ನಮ್ಮ ತೆಂಗಿನ ಮರ ಎಣಿಸಿದರು, ಬಾವಿ ಅಳೆದರು, ಕಾಯಿ ಬಿಡುವ ಮರ ಎಷ್ಟು, ಬಿಡದ್ದು ಎಷ್ಟು ಅಂತ ಬರೆದುಕೊಂಡರು. ಎಲ್ಲ ಬಯಲಲ್ಲೇ."

ನಾನು ಒಂದು ತಾಸು ಮಾತಾಡಿದ್ದು ಅಜ್ಜ ಅರ್ಧ ನಿಮಿಷದಲ್ಲಿ ಹೇಳಿ ಕೂತರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೌದು ಅಜ್ಜಾ ಅಂದೆ, ಅಷ್ಟೇ.

ಎರಡನೆಯದು ಕಾಲೇಜು ಹುಡುಗ. ನೌಕಾಪಡೆಗೆ ಸೇರಲಿಕ್ಕೆ ಓದ್ತಾ ಇದ್ದಾನಂತೆ. "ಸರ್, ಆರ್‌ಟಿಐ ಹಾಕಿದರೆ ಕೊಡ್ತಾರಾ? ರಕ್ಷಣೆಗೆ ಅದು ಅನ್ವಯ ಆಗೋದಿಲ್ಲ ಅಂತಾರಲ್ಲ?"

ಹಾಗೆ ಅಂದವರು ಮಾಹಿತಿ ಹಕ್ಕು ಕಾಯಿದೆ ಓದಿಲ್ಲ. ರಕ್ಷಣಾ ಸಚಿವಾಲಯ, ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲವೂ ಆರ್‌ಟಿಐ ಒಳಗೇ ಇವೆ. ಹೊರಗಿಟ್ಟ ಸಂಸ್ಥೆಗಳ ಪಟ್ಟಿ ಬೇರೆ ಇದೆ, ಅದರಲ್ಲಿ ಆಯುಧ ಸಂಶೋಧನೆಯ ಡಿಆರ್‌ಡಿಒ ಬರ್ತದೆ. ಅಲ್ಲೂ ಭ್ರಷ್ಟಾಚಾರದ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ 24ನೇ ಕಲಮಿನಲ್ಲಿ ಬಾಗಿಲು ಬಿಟ್ಟಿದ್ದಾರೆ. 8(1)(ಎ) ಅಂತ ಭದ್ರತೆಯ ನೆಪ ಹೇಳಿ ನಿರಾಕರಿಸಬಹುದು. ಆದರೆ 8(2) ಅಂತಲೂ ಒಂದಿದೆ, ಮುಚ್ಚಿಡುವುದರಿಂದ ಆಗುವ ಲಾಭಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅಂತ. ಕೇಳುವಾಗ ಕ್ಷಿಪಣಿ ಎಷ್ಟು ದೂರ ಹೋಗ್ತದೆ ಅಂತ ಕೇಳಬೇಡ, ಅದು ನಿನಗೂ ಬೇಡ ನನಗೂ ಬೇಡ. ಷರತ್ತು ಎಷ್ಟು ಸಲ ಬದಲಾಯಿತು, ಯಾವ ತಾರೀಕಿಗೆ, ಕೊನೆಗೆ ಎಷ್ಟು ಜನ ಉಳಿದರು, ತಡವಾದದ್ದಕ್ಕೆ ದಂಡ ಹಾಕಿದರಾ, ವಸೂಲಾಯಿತಾ, ಇಷ್ಟು ಕೇಳು. ಹತ್ತು ರೂಪಾಯಿ ಫೀಸು, ಮೂವತ್ತು ದಿನ.

ಹುಡುಗ ಮೊಬೈಲಿನಲ್ಲಿ ಎಲ್ಲ ಬರೆದುಕೊಂಡ. ಆಮೇಲೆ ಸ್ವಲ್ಪ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ಸರ್, ನನ್ನ ಹೆಸರಲ್ಲಿ ಹಾಕಿದರೆ ಸೆಲೆಕ್ಷನ್‌ಗೆ ತೊಂದರೆ ಆಗ್ತದಾ?" ಅಂತ ಕೇಳಿದ.

ಕಾನೂನಿನ ಪ್ರಕಾರ ಆಗಬಾರದು ಅಂದೆ. ಅಂದ ಕೂಡಲೇ ಆ ಡ್ರಾಯರ್, ಆ ಟೈಪ್‌ರೈಟರ್ ನೆನಪಾಯಿತು. ನೀನು ಹಾಕಬೇಡ ಮಾರಾಯಾ, ನೀನು ಪರೀಕ್ಷೆಗೆ ಓದು, ನಾನು ಹಾಕ್ತೇನೆ, ನನಗೀಗ ಪೆನ್ಶನ್ ಇದೆ ಅಂತ ಹೇಳಿ ಪ್ರಶ್ನೆಗಳನ್ನು ನನ್ನ ವಾಟ್ಸಾಪ್‌ಗೆ ಕಳಿಸಿಕೊಂಡೆ. ಕರೆಂಟು ಆಗ ಬಂತು.